ಜನ ಬಿಟ್ಟು ಹೋದ ಊರು



ಹೋದ ವಾರ ಪಾಠ ಮುಗಿದ ಮೇಲೆ ನಮ್ಮ ಅಜ್ಜಿಯೊಬ್ಬರು ಕೇಳಿದರು: “ಮೇಷ್ಟ್ರೇ, ಮನುಷ್ಯರೇ ಇಲ್ದೆ ಹೋದ್ರೆ ಈ ಭೂಮಿ ಏನಾಗ್ತದೆ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋದರೂ ಆ ಪ್ರಶ್ನೆ ನನ್ನ ತಲೆ ಬಿಡಲಿಲ್ಲ.

ಬೀಗ ಹಾಕಿದ ಮನೆ ನೀವೆಲ್ಲ ನೋಡಿದ್ದೀರಿ. ಎರಡು ಮಳೆಗಾಲ ಕಳೆದರೆ ಅಂಗಳದಲ್ಲಿ ಆಳೆತ್ತರ ಗಿಡ. ಹೆಂಚು ಜಾರಿ ಮನೆ ಸೋರುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಏಳುತ್ತದೆ. ಇಡೀ ಊರೇ ಖಾಲಿಯಾದರೆ? ಅಂಥ ಊರೂ ಇದೆ. ಅದರ ಹೆಸರು ಪ್ರಿಪ್ಯಾತ್. ಇರುವುದು ದೂರದ ಉಕ್ರೇನ್ ದೇಶದಲ್ಲಿ.

ಆ ಊರಿನ ಪಕ್ಕದಲ್ಲೇ ಚೆರ್ನೋಬಿಲ್ ಅಣು ವಿದ್ಯುತ್ ಕೇಂದ್ರ. 1986ರ ಏಪ್ರಿಲ್ 26ರ ರಾತ್ರಿ ಅದು ಸಿಡಿಯಿತು. ಕಣ್ಣಿಗೆ ಕಾಣದ ವಿಷ ಗಾಳಿಯಲ್ಲಿ ಹರಡಿತು. ಅದನ್ನು ವಿಕಿರಣ ಅನ್ನುತ್ತಾರೆ. ಮರುದಿನ ಸುಮಾರು 49,000 ಜನರನ್ನು ಬಸ್ಸು ಹತ್ತಿಸಿದರು. ಮೂರು ದಿನದ ಮಟ್ಟಿಗೆ ಅಷ್ಟೇ ಅಂದರು. ಒಲೆ, ಹಾಸಿಗೆ, ಮಕ್ಕಳ ಗೊಂಬೆ ಎಲ್ಲ ಹಾಗೇ ಬಿಟ್ಟು ಹೋದರು. ಮತ್ತೆ ಅಲ್ಲಿ ಸಂಸಾರ ಹೂಡಲೇ ಇಲ್ಲ. ಸುತ್ತ 30 ಕಿಲೋಮೀಟರ್ ಒಳಗಿನ ಹಳ್ಳಿಗಳೂ ಖಾಲಿಯಾದವು.

ಆಮೇಲೆ ಏನಾಯಿತು? ಹತ್ತಿರದ ಪೈನ್ ಮರಗಳು ಕೆಂಪಾಗಿ ಸತ್ತವು. ವಿಷ ಅಂದರೆ ಮರಕ್ಕೂ ವಿಷವೇ ತಾನೇ. ಆದರೆ ಉಳಿದ ಕಡೆ ಬೇರೆ ಕಥೆ. ಜನ ಬಿಟ್ಟು ಹೋದ ಬೆಳೆ ತಿಂದು ಕಾಡುಹಂದಿ ಹೆಚ್ಚಿದವು. ಹಂದಿ ಹಿಡಿಯಲು ತೋಳ ಬಂದವು. ಹಿಂದೆ ಅಲ್ಲಿನ ರೈತರು ಜೌಗು ನೆಲದ ನೀರು ಬಸಿದು ಹೊಲ ಮಾಡಿದ್ದರು. ಅದಕ್ಕೆ ಕಾಲುವೆ ತೋಡಿದ್ದರು. ಬೀವರ್ ಅಂತ ಒಂದು ಪ್ರಾಣಿ, ಹೆಗ್ಗಣದ ಹಾಗೆ, ನಾಯಿಯಷ್ಟು ದೊಡ್ಡದು. ಹಲ್ಲಿನಿಂದಲೇ ಮರ ಕಡಿದು ಆ ಕಾಲುವೆಗಳಿಗೆ ಒಡ್ಡು ಕಟ್ಟಿತು. ಹೊಲ ಮತ್ತೆ ಜೌಗಾಯಿತು. ರೈತರ ಎಷ್ಟು ವರ್ಷದ ಬೆವರು ನೋಡಿ!

ಪಕ್ಕದ ಬೆಲಾರಸ್ ದೇಶದ ಕಡೆಗೂ ಈ ವಿಷದ ನೆಲ ಹಬ್ಬಿದೆ. ಅಲ್ಲಿನ ಪ್ರಾಣಿಗಳ ಲೆಕ್ಕ 2015ರಲ್ಲಿ ಹೊರಬಂತು. ಆ ಭಾಗದ ಬೇರೆ ರಕ್ಷಿತ ಕಾಡುಗಳಿಗಿಂತ ಇಲ್ಲಿ ತೋಳ ಏಳು ಪಟ್ಟು ಹೆಚ್ಚು! ವಿಷ ಇದ್ದರೂ ಬೇಟೆಗಾರ ಇಲ್ಲ, ನೇಗಿಲಿಲ್ಲ, ಕೊಡಲಿ ಇಲ್ಲ. ಹಾಗಾದರೆ ಅವಕ್ಕೆ ವಿಷಕ್ಕಿಂತ ನಮ್ಮ ಕಾಟವೇ ದೊಡ್ಡದಾಗಿತ್ತೇ? ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು.

ನಾವಿಲ್ಲದಿದ್ದರೆ ಎಲ್ಲ ಪ್ರಾಣಿಗೂ ಸುಖ ಅಂತಲೂ ಅಲ್ಲ. ಬಸ್ಸಿಗೆ ನಾಯಿಗಳನ್ನು ಹತ್ತಿಸಲಿಲ್ಲ. ವಿಷ ಹರಡೀತು ಅಂತ ಎಷ್ಟೋ ನಾಯಿಗಳನ್ನು ಸೈನಿಕರು ಗುಂಡಿಟ್ಟು ಕೊಂದರು. ಕೆಲವು ಹೇಗೋ ಉಳಿದುಕೊಂಡವು. ಅವುಗಳ ಮರಿಮಕ್ಕಳು ಕಾಡಿನ ತೋಳಗಳ ಜೊತೆ ಸೇರಲಿಲ್ಲ. ಆ ಕೇಂದ್ರ ಮುಚ್ಚಿದ್ದು 2000ದಲ್ಲಿ. ಮುಚ್ಚಿದರೂ ಕಾವಲಿಗೆ, ದುರಸ್ತಿಗೆ ಕೆಲಸಗಾರರು ಬರುತ್ತಿದ್ದರು. ಅವರು ಹಾಕುವ ರೊಟ್ಟಿ ಚೂರಿಗಾಗಿ ಈ ನಾಯಿಗಳು ಗೇಟಿನ ಹತ್ತಿರವೇ ಕಾದು ಕೂರುತ್ತಿದ್ದವು.

ಅಜ್ಜೀ, ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕಿದ್ದು ಇಷ್ಟು. ನೀವೇನಂತೀರಿ?