ಹೈಸ್ಕೂಲು ಮಕ್ಕಳ ಕಲಿಕೆ: ಮನೆಗೆ ಸುದ್ದಿ ತಲುಪುವುದು ಯಾವಾಗ?

(ಹೈಸ್ಕೂಲು ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ಸಭೆಯಲ್ಲಿ ತಂದೆಯಂದಿರಿಗಿಂತ ತಾಯಂದಿರ ಸಂಖ್ಯೆಯೇ ಹೆಚ್ಚಾಗಿ ಕಾಣುತ್ತಿದೆ. ಇದು ನಮ್ಮ ಪಟ್ಟಣಗಳ ವಾಸ್ತವ. ತಂದೆ ಗಲ್ಫಿನಲ್ಲಿರುತ್ತಾರೆ, ಊರಲ್ಲಿದ್ದರೂ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದರೆ ರಾತ್ರಿ ಮುಚ್ಚುವವರೆಗೆ ಬಿಡುವಿಲ್ಲ. ಮಕ್ಕಳ ಊಟ, ಬಟ್ಟೆ, ಶಾಲೆ, ಮದ್ರಸ ಎಲ್ಲವೂ ತಾಯಿಯ ಹೆಗಲ ಮೇಲೆ. ಆದರೆ ಶಾಲೆಯ ದಾಖಲೆಯನ್ನು ತೆರೆದು ನೋಡಿದರೆ ಅಲ್ಲಿರುವ ಫೋನ್ ನಂಬರ್ ತಂದೆಯದ್ದು. ಮಗ ಮೂರು ದಿನಗಳಿಂದ ತರಗತಿಗೆ ಬಂದಿಲ್ಲವೆಂಬ ಸಂದೇಶವು ಜಿದ್ದಾಕ್ಕೋ ದುಬೈಗೋ ಹೋಗಿ ಮುಟ್ಟುತ್ತದೆ. ಅದೇ ಮಗನಿಗೆ ಬುತ್ತಿ ಕಟ್ಟಿ ಕಳುಹಿಸಿದ ತಾಯಿಗೆ ಮುಟ್ಟುವುದಿಲ್ಲ.

ಮುಸ್ಲಿಂ ಸಮುದಾಯದ ಶೈಕ್ಷಣಿಕ ಹಿಂದುಳಿಯುವಿಕೆಯ ಕುರಿತು ಮಾತನಾಡುವಾಗಲೆಲ್ಲ ನಾವು ಸಾಚಾರ್ ವರದಿಯನ್ನು ಉಲ್ಲೇಖಿಸುತ್ತೇವೆ. 6ರಿಂದ 14ರ ಪ್ರಾಯದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದಾರೆಂದು 2006ರ ಆ ವರದಿ ಹೇಳಿತ್ತು. ಆ ಬಳಿಕ ಮಕ್ಕಳನ್ನು ಶಾಲೆಗೆ ಸೇರಿಸುವ ವಿಷಯದಲ್ಲಿ ಸಾಕಷ್ಟು ಜಾಗೃತಿ ಮೂಡಿದೆ. ಇಂದು ನಮ್ಮ ಪಟ್ಟಣಗಳಲ್ಲಿ ಮಗುವನ್ನು ಶಾಲೆಗೆ ಕಳುಹಿಸಿರೆಂದು ಮನೆಮನೆಗೆ ಹೋಗಿ ಬೇಡುವ ಸ್ಥಿತಿ ಹೆಚ್ಚಿನ ಕಡೆ ಇಲ್ಲ. ಆದರೆ ಸೇರಿದ ಮಗು ಎಂಟನೆಯ, ಒಂಬತ್ತನೆಯ, ಹತ್ತನೆಯ ತರಗತಿಗಳಲ್ಲಿ ಏನಾಗುತ್ತಿದೆ ಎಂಬ ಸುದ್ದಿ ಮನೆಗೆ ಯಾವಾಗ ತಲುಪುತ್ತದೆ? ಹೆಚ್ಚಿನ ಮನೆಗಳಿಗೆ ಅದು ತಲುಪುವುದು ಎಸೆಸೆಲ್ಸಿ ಫಲಿತಾಂಶದ ದಿನ. ಅಂದು ಬರುವುದು ತೀರ್ಪು. ತೀರ್ಪು ಬಂದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ಒಂದು ಲೆಕ್ಕವನ್ನು ತಮ್ಮ ಮುಂದಿಡಬಯಸುತ್ತೇವೆ. 2025ರ ಎಸೆಸೆಲ್ಸಿ ಪರೀಕ್ಷೆಯ ಒಟ್ಟು ಅಂಕಗಳು 625. ಇದರಲ್ಲಿ ಪ್ರಥಮ ಭಾಷೆಯ 25, ಉಳಿದ ಐದು ವಿಷಯಗಳಲ್ಲಿ ತಲಾ 20, ಹೀಗೆ ಒಟ್ಟು 125 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಸೇರಿದವು. ಅಂದರೆ ಮಗು ಪರೀಕ್ಷಾ ಕೇಂದ್ರದ ಬೆಂಚಿನಲ್ಲಿ ಕೂರುವ ಮೊದಲೇ ಅದರ ಐದನೇ ಒಂದರಷ್ಟು ಅಂಕಗಳು ಶಾಲೆಯಲ್ಲಿಯೇ ತೀರ್ಮಾನವಾಗಿರುತ್ತವೆ. ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳು, ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಎಫ್.ಎ. ಪರೀಕ್ಷೆಗಳು, ಇದಕ್ಕೆ ಆಧಾರ. ಎಫ್.ಎ. ನಡೆಯುವ ದಿನ ನೆಂಟರ ಮದುವೆಗೆಂದು ಮಗುವನ್ನು ಮೂರು ದಿನ ಕರೆದೊಯ್ಯುವ ಹೆತ್ತವರು ಅದನ್ನು ಸಣ್ಣ ಪರೀಕ್ಷೆ ಎಂದೇ ಭಾವಿಸಿರುತ್ತಾರೆ. ಅವರಿಗೆ ಹಾಗಲ್ಲವೆಂದು ಯಾರೂ ಹೇಳಿರುವುದಿಲ್ಲ. ಹಾಜರಾತಿಯ ವಿಷಯವೂ ಇದೇ. ಶೇ. 75 ಹಾಜರಾತಿ ಇಲ್ಲದ ವಿದ್ಯಾರ್ಥಿಗೆ ಪರೀಕ್ಷೆಗೆ ಕೂರುವ ಅರ್ಹತೆ ಇರುವುದಿಲ್ಲ. ಈ ನಿಯಮದ ಅರಿವು ಹಲವು ಮನೆಗಳಿಗೆ ಪ್ರವೇಶ ಪತ್ರ ಬಾರದಿದ್ದಾಗಲೇ ಆಗುತ್ತದೆ.

ಇಲ್ಲಿ ಶಾಲೆಗಳ ಹೊಣೆಯನ್ನು ಮರೆಮಾಚುವಂತಿಲ್ಲ. ಎಷ್ಟೋ ಶಾಲೆಗಳು ಹೆತ್ತವರನ್ನು ಕರೆಯುವುದು ಎರಡೇ ಕಾರಣಗಳಿಗೆ: ಶುಲ್ಕ ಬಾಕಿ ಇದ್ದಾಗ ಮತ್ತು ಮಗು ಜಗಳ ಮಾಡಿದಾಗ. ಹೆತ್ತವರ ಸಭೆ ಎಂಬ ಹೆಸರಿನಲ್ಲಿ ನಡೆಯುವುದು ಅತಿಥಿಗಳ ಭಾಷಣ. ನಾವೂ ಈಗ ಅದನ್ನೇ ಮಾಡುತ್ತಿದ್ದೇವೆಂದು ತಾವು ಹೇಳಬಹುದು. ಆದ್ದರಿಂದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಪ್ರಗತಿ ಪತ್ರವನ್ನು ಮಗುವಿನ ಕೈಯಲ್ಲಿ ಕಳುಹಿಸಲಾಗುತ್ತದೆ. ಅಣ್ಣನೋ ಮಾವನೋ ಸಹಿ ಹಾಕುತ್ತಾರೆ. ಸುತ್ತೋಲೆ ಇಂಗ್ಲಿಷಿನಲ್ಲಿರುತ್ತದೆ, ಮನೆಯಲ್ಲಿ ಓದಬಲ್ಲವರು ಇರುವುದಿಲ್ಲ. ಉರ್ದು ಅಥವಾ ಬ್ಯಾರಿ ಮಾತನಾಡುವ, ಕನ್ನಡವನ್ನು ನಿಧಾನವಾಗಿ ಓದಬಲ್ಲ ತಾಯಿಗೆ ನಾಲ್ಕು ಸಾಲುಗಳ ಸರಳ ಕನ್ನಡದ ಚೀಟಿ ಸಾಕು. ಓದಲು ಬಾರದಿದ್ದರೆ ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಇದಕ್ಕೆ ಹಣ ಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಎಂಟನೇ ತರಗತಿವರೆಗಿನ ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಭಾಗ ಹೆತ್ತವರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ವಿಧಿಸಿದೆ. ಶಾಲೆಯ ವಿಷಯದಲ್ಲಿ ತಾಯಿಯೊಬ್ಬಳು ಪ್ರಶ್ನೆ ಕೇಳುವುದು ಉದ್ಧಟತನವಲ್ಲ, ಅದು ಕಾನೂನು ಒಪ್ಪಿದ ಹಕ್ಕು.

ಆದರೆ ಮಾಹಿತಿಯ ಹಾದಿ ಮುಚ್ಚಿಹೋಗುವುದು ಶಾಲೆಯ ಕಡೆಯಿಂದ ಮಾತ್ರವಲ್ಲ. ಅಧ್ಯಾಪಕರೊಬ್ಬರು ತಂದೆಯನ್ನು ಕರೆದು ಮಗ ಗಣಿತದಲ್ಲಿ ಹಿಂದಿದ್ದಾನೆಂದು ತಿಳಿಸುತ್ತಾರೆ. ತಂದೆ ಮನೆಗೆ ಹೋಗಿ ಬೆಲ್ಟ್ ತೆಗೆಯುತ್ತಾನೆ. ಮರುದಿನದಿಂದ ಆ ಮಗ ಮಾಡುವುದೇನು? ಗಣಿತ ಕಲಿಯುವುದಿಲ್ಲ, ಪ್ರಗತಿ ಪತ್ರ ಅಡಗಿಸುವುದನ್ನು ಕಲಿಯುತ್ತಾನೆ. ಆ ಅಧ್ಯಾಪಕರಾದರೂ ಮತ್ತೊಮ್ಮೆ ಬಾಯಿ ತೆರೆಯುತ್ತಾರೆಯೇ? ಪಾಪ, ಹುಡುಗನಿಗೆ ಪೆಟ್ಟು ಬೀಳುವುದು ಬೇಡವೆಂದು ‘ಪರವಾಗಿಲ್ಲ, ಓದುತ್ತಾನೆ’ ಎಂದುಬಿಡುತ್ತಾರೆ. ಹೆತ್ತವರೂ ‘ನಮ್ಮ ಮಗ ಹೇಗಿದ್ದಾನೆ ಸರ್?’ ಎಂದೇ ಕೇಳುತ್ತಾರೆ. ಈ ಪ್ರಶ್ನೆಗೆ ‘ಪರವಾಗಿಲ್ಲ’ ಎಂಬುದಲ್ಲದೆ ಬೇರೆ ಉತ್ತರವಿಲ್ಲ. ಕಳೆದ ಎಫ್.ಎ.ಯಲ್ಲಿ ಯಾವ ಪಾಠದಲ್ಲಿ ಅಂಕ ಹೋಯಿತು, ಈ ತಿಂಗಳು ಎಷ್ಟು ದಿನ ಗೈರುಹಾಜರಾಗಿದ್ದ, ಓದಲು ಬಾರದೆ ತಪ್ಪುತ್ತಿದ್ದಾನೋ ಅಥವಾ ಓದಿಯೂ ಬರೆಯಲಾಗುತ್ತಿಲ್ಲವೋ ಎಂದು ಕೇಳಿ ನೋಡಿ. ಅಧ್ಯಾಪಕರು ಪುಸ್ತಕ ತೆರೆದು ಉತ್ತರಿಸುತ್ತಾರೆ. ಅಕ್ಷರ ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆಗಳಿವು.

ಇನ್ನು ತರಗತಿಯಿಂದ ತರಗತಿಗೆ, ಶಾಲೆಯಿಂದ ಕಾಲೇಜಿಗೆ ದಾಟುವ ಘಟ್ಟಗಳ ವಿಷಯ. ಅತಿ ಹೆಚ್ಚು ಮಕ್ಕಳು ಕೈತಪ್ಪಿ ಹೋಗುವುದು ಇಲ್ಲಿ. ಉರ್ದು ಮಾಧ್ಯಮದಲ್ಲಿ ಏಳನೆಯ ತರಗತಿವರೆಗೆ ಕಲಿತ ಮಗು ಊರಲ್ಲಿ ಉರ್ದು ಹೈಸ್ಕೂಲು ಇಲ್ಲದ ಕಾರಣ ಎಂಟಕ್ಕೆ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಬರುತ್ತದೆ. ವಿಜ್ಞಾನದ, ಸಮಾಜದ ಪ್ರತಿಯೊಂದು ಪದವೂ ಅದಕ್ಕೆ ಹೊಸದು. ಮೊದಲ ಆರು ತಿಂಗಳ ಮೌನವನ್ನು ದಡ್ಡತನವೆಂದು ಶಾಲೆ ತಿಳಿಯುತ್ತದೆ, ಸೋಮಾರಿತನವೆಂದು ಮನೆ ತಿಳಿಯುತ್ತದೆ. ಏಳನೆಯ ತರಗತಿಯ ಬೇಸಗೆ ರಜೆಯಲ್ಲಿಯೇ ಹೆತ್ತವರಿಗೆ ಈ ಬದಲಾವಣೆಯ ಬಗ್ಗೆ ತಿಳಿಸಿದರೆ ಎರಡು ತಿಂಗಳ ಭಾಷಾ ತರಗತಿಯನ್ನು ಮೊಹಲ್ಲಾದಲ್ಲಿಯೇ ನಡೆಸಬಹುದು.

ಹತ್ತನೆಯ ತರಗತಿಯ ಬಳಿಕದ ಘಟ್ಟ ಇದಕ್ಕಿಂತ ಕಠಿಣ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಪಿಯುಸಿಯೋ, ಡಿಪ್ಲೊಮಾವೋ, ಐಟಿಐಯೋ ಎಂದು ತೀರ್ಮಾನಿಸಬೇಕು. ಆ ವಾರ ಮನೆಗೆ ಬರುವುದು ಖಾಸಗಿ ಕಾಲೇಜುಗಳ ಬಣ್ಣದ ಕರಪತ್ರಗಳು. ನೆರೆಮನೆಯ ಹುಡುಗ ವಿಜ್ಞಾನಕ್ಕೆ ಸೇರಿದನೆಂದು ಗಣಿತದಲ್ಲಿ ಕಷ್ಟಪಟ್ಟು ಪಾಸಾದ ಹುಡುಗನನ್ನೂ ಸಾಲ ಮಾಡಿ ಅಲ್ಲಿಗೇ ಸೇರಿಸಲಾಗುತ್ತದೆ. ಮೂರು ವರ್ಷಗಳ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದನ್ನು ಆ ಮನೆಗೆ ಯಾರೂ ಹೇಳಿರುವುದಿಲ್ಲ. ಪಿಯುಸಿಯಲ್ಲಿ ಗಣಿತ ಬಿಟ್ಟರೆ ಇಂಜಿನಿಯರಿಂಗಿನ ಬಾಗಿಲು ಮುಚ್ಚುತ್ತದೆ ಎಂಬುದನ್ನೂ ಹೇಳಿರುವುದಿಲ್ಲ. ಈ ಮಾತುಗಳನ್ನು ಹತ್ತನೆಯ ತರಗತಿಯ ಮಕ್ಕಳ ಹೆತ್ತವರಿಗೆ ಜನವರಿಯಲ್ಲಿ ಹೇಳಬೇಕು, ಮೇ ತಿಂಗಳಲ್ಲಲ್ಲ.

ಅನುತ್ತೀರ್ಣರಾದವರ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 2023-24ನೇ ಸಾಲಿನಿಂದ ಕರ್ನಾಟಕದಲ್ಲಿ ಎಸೆಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂತು. ಮೊದಲನೆಯದರಲ್ಲಿ ತಪ್ಪಿದವರು ಕೆಲವೇ ವಾರಗಳ ಅಂತರದಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ‘ಫೇಲ್’ ಎಂಬ ಪದ ಕೇಳಿದ ಸಂಜೆಯೇ ಮಗನ ಕೆಲಸ ಗ್ಯಾರೇಜಿನಲ್ಲೋ ಬಟ್ಟೆಯಂಗಡಿಯಲ್ಲೋ ನಿಶ್ಚಯವಾಗುತ್ತದೆ. ಮಗಳು ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ, ಮಾತು ಸಂಬಂಧ ನೋಡುವ ಕಡೆಗೆ ತಿರುಗುತ್ತದೆ. ಒಂದೇ ವಿಷಯದಲ್ಲಿ ತಪ್ಪಿದವಳ ಕಲಿಕೆ ಅಲ್ಲಿಗೆ ಮುಗಿಯುತ್ತದೆ. ಮರುಪರೀಕ್ಷೆಗೆ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕವನ್ನು ಆ ಮನೆಗೆ ಒಂದು ಫೋನ್ ಕರೆ ಮಾಡಿ ತಿಳಿಸಿದ್ದರೆ ಸಾಕಿತ್ತು. ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಎಷ್ಟೋ ಪ್ರಕಟಣೆಗಳನ್ನು ಓದುತ್ತೇವೆ. ಫಲಿತಾಂಶದ ವಾರ ಈ ದಿನಾಂಕವನ್ನೂ ಓದುವುದರಲ್ಲಿ ಜಮಾಅತ್‌ಗಳಿಗೆ ಏನು ಅಡ್ಡಿ?

ನಿಯಮಗಳು ಎಷ್ಟು ಬೇಗ ಬದಲಾಗುತ್ತಿವೆ ನೋಡಿ. ಉತ್ತೀರ್ಣತೆಯ ಕನಿಷ್ಠ ಮಟ್ಟವನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ ರಾಜ್ಯ ಸರಕಾರ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅದಕ್ಕೆ ಮೊದಲು, 2022ರ ನವೆಂಬರಿನಲ್ಲಿ, ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 9 ಮತ್ತು 10ನೇ ತರಗತಿಗಳಿಗೆ ಮಾತ್ರ ಸೀಮಿತಗೊಳಿಸಿತು. ಅರ್ಜಿ ತುಂಬಿ, ದಾಖಲೆಗಳಿಗಾಗಿ ದಿನಗೂಲಿ ಕಳೆದುಕೊಂಡು ಅಲೆದ ಬಳಿಕ ಬಂದ ನಿರ್ಧಾರವದು. ಅದೇ ವರ್ಷದ ಶಿರವಸ್ತ್ರ ವಿವಾದವನ್ನು ಯಾರು ಮರೆತಾರು? ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು. ಇವುಗಳ ನಡುವೆ ಹಲವು ವಿದ್ಯಾರ್ಥಿನಿಯರು ಕಾಲೇಜು ಬದಲಿಸಿದರು, ಕೆಲವರು ಓದು ನಿಲ್ಲಿಸಿದರು. ಅಧಿಕಾರದಲ್ಲಿರುವವರು ಕಲಿಕೆಯ ವರ್ಷದ ನಡುವೆ ನಿಯಮ ಹೊರಡಿಸಿದರೆ ಅದರ ಭಾರ ಬೀಳುವುದು ಹದಿನಾರರ ಹುಡುಗಿಯ ಮೇಲೆ. ಆ ಅನ್ಯಾಯವನ್ನು ಪ್ರಶ್ನಿಸುವ ಕೆಲಸ ಒಂದು ಕಡೆ ನಡೆಯಲಿ. ಜೊತೆಗೇ, ಮಗಳನ್ನು ಪಿಯುಸಿಗೆ ಸೇರಿಸುವ ಮೊದಲು ಆ ಕಾಲೇಜಿನ ಸಮವಸ್ತ್ರದ ನಿಯಮವೇನು, ಬಸ್ಸು ಎಷ್ಟು ಗಂಟೆಗೆ, ವರ್ಷದ ಒಟ್ಟು ಶುಲ್ಕವೆಷ್ಟು ಎಂದು ವಿಚಾರಿಸಿ, ಸಾಧ್ಯವಾದರೆ ಬರಹದಲ್ಲಿ ಪಡೆದುಕೊಳ್ಳುವುದು ಹೆತ್ತವರು ಮಾಡಬಹುದಾದ ಕೆಲಸ.

ಕೊನೆಯದಾಗಿ ದಾಖಲೆಗಳ ವಿಷಯ. ನೀರಸವಾಗಿ ಕಾಣುತ್ತದೆ, ಆದರೆ ಇದರಲ್ಲಿ ಬಹಳಷ್ಟು ಮಕ್ಕಳು ಸಿಕ್ಕಿಬೀಳುತ್ತಾರೆ. ನಮ್ಮ ಹೆಸರುಗಳನ್ನು ಬರೆಯುವ ರೀತಿ ಒಂದಲ್ಲ. ಜನನ ಪ್ರಮಾಣಪತ್ರದಲ್ಲಿ ಮುಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಶಾಲೆಯಲ್ಲಿ ಮಹಮ್ಮದ್. ಒಂದು ಕಡೆ ಫಾತಿಮತ್, ಇನ್ನೊಂದು ಕಡೆ ಫಾತಿಮಾ ಬಿ. ಇಂಗ್ಲಿಷಿನಲ್ಲಂತೂ ಒಂದೇ ಹೆಸರಿಗೆ ಐದಾರು ಅಕ್ಷರ ಜೋಡಣೆಗಳು. ತಂದೆಯ ಹೆಸರಿನ ಮುಂದೆ ಒಂದು ದಾಖಲೆಯಲ್ಲಿ ಇನಿಷಿಯಲ್ ಇದೆ, ಇನ್ನೊಂದರಲ್ಲಿ ಇಲ್ಲ. ಎಸೆಸೆಲ್ಸಿ ಅಂಕಪಟ್ಟಿ ಜೀವನವಿಡೀ ಹುಟ್ಟಿದ ದಿನಾಂಕಕ್ಕೂ ಹೆಸರಿಗೂ ಆಧಾರವಾಗಿ ನಿಲ್ಲುವ ಕಾಗದ. ಪಾಸ್‌ಪೋರ್ಟಿಗೆ, ಕಾಲೇಜಿಗೆ, ಬ್ಯಾಂಕಿಗೆ ಅದನ್ನೇ ಕೇಳುತ್ತಾರೆ. ಪೌರತ್ವದ ದಾಖಲೆಗಳ ಮಾತು ಎದ್ದಿರುವ ಈ ಕಾಲದಲ್ಲಿ ಒಂದು ಅಕ್ಷರದ ವ್ಯತ್ಯಾಸ ಎಂಥ ಆತಂಕ ತರುತ್ತದೆಂದು ತಮಗೆ ವಿವರಿಸಬೇಕಿಲ್ಲ. ಪರೀಕ್ಷೆಯ ನೋಂದಣಿಗಾಗಿ ಶಾಲೆಯು ವಿವರಗಳನ್ನು ಮಂಡಳಿಗೆ ಕಳುಹಿಸುವ ಮೊದಲು ತಿದ್ದುವುದು ಸುಲಭ. ಅಂಕಪಟ್ಟಿ ಮುದ್ರಣವಾದ ಮೇಲೆ ಶಾಲೆ, ಮಂಡಳಿ, ಅಫಿದಾವಿತ್ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಹುಟ್ಟಿದ ದಿನಾಂಕವಾದರೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಗಬಹುದು.

ಹಾಗೆಯೇ ನಾಡಕಚೇರಿಯಿಂದ ಪಡೆಯುವ 2ಬಿ ಪ್ರವರ್ಗದ ಮತ್ತು ಆದಾಯದ ಪ್ರಮಾಣಪತ್ರಗಳು. ಕಾಲೇಜು ಪ್ರವೇಶದ ಸಾಲಿನಲ್ಲಿ ನಿಂತಾಗ ಇವುಗಳ ನೆನಪಾದರೆ ಪ್ರಯೋಜನವಿಲ್ಲ. ವೃತ್ತಿ ಶಿಕ್ಷಣದ ಸಿಇಟಿಯಲ್ಲಿ ಸರಕಾರಿ ಸೀಟು ಕೇಳುವವರು ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಕಲಿತದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ತೋರಿಸಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಬೇರೆಯೇ ಮೀಸಲಾತಿ ಇದೆ. ಹಳ್ಳಿಯ ಶಾಲೆಯಲ್ಲಿ ಓದುತ್ತಿರುವ ಮಗುವನ್ನು ಒಂಬತ್ತನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಬದಲಿಸುವ ಹೆತ್ತವರು ಈ ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುವ ಸಾಧ್ಯತೆ ಇದೆ. ಬದಲಿಸಬಾರದೆಂದು ನಾವು ಹೇಳುತ್ತಿಲ್ಲ, ತಿಳಿದು ಬದಲಿಸಲಿ.

ಈ ಸಭೆಯ ಬಳಿಕ ಶಾಲೆಯ ಕಚೇರಿ ಎರಡು ಗಂಟೆಗಳ ಕಾಲ ತೆರೆದಿರುತ್ತದೆ. ಹತ್ತನೆಯ ತರಗತಿಯ ದಾಖಲಾತಿ ಪುಸ್ತಕವನ್ನು ಮೇಜಿನ ಮೇಲಿಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಆಧಾರ್ ಮತ್ತು ಜನನ ಪ್ರಮಾಣಪತ್ರದ ಪ್ರತಿ ತಂದವರು ಮಗುವಿನ ಹೆಸರು, ಹುಟ್ಟಿದ ದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ ಹೋಗಬೇಕು. ತಾಯಂದಿರು ತಮ್ಮ ಫೋನ್ ನಂಬರನ್ನೂ ಅಲ್ಲಿಯೇ ಬರೆಸಬೇಕು.