ಬಟನ್ ಒತ್ತಿದರೂ ಏಳದ ಕಂಪ್ಯೂಟರ್



ನಮ್ಮ ವೇಮಗಲ್‌ನ ಹುಡುಗನೊಬ್ಬ ಪರೀಕ್ಷೆಗೆ ವಾರವಿರುವಾಗ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಹೋದ. ಮನೆಯಲ್ಲಿ ಬಟನ್ ಒತ್ತಿದರೆ ದೀಪವೂ ಇಲ್ಲ, ಫ್ಯಾನೂ ಇಲ್ಲ. ರಿಪೇರಿ ಅಂಗಡಿಯಲ್ಲಿ ವೈರ್ ಚುಚ್ಚಿದ ಕೂಡಲೇ ಚಾಲೂ ಆಯಿತು. ಕೆಟ್ಟಿದ್ದು ಅವನ ಮನೆಯ ಗೋಡೆಯ ಸಾಕೆಟ್! ತಂದೆ ಡೇರಿಗೆ ಹಾಲು ಹಾಕಿ ಬಂದ ಹಣದಲ್ಲಿ ಉಳಿಸಿ ಕೊಡಿಸಿದ್ದ ಯಂತ್ರ. ಎರಡು ದಿನ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಆದ್ದರಿಂದ ನಿಮ್ಮ ಹುಡುಕಾಟ ಗೋಡೆಯಿಂದಲೇ ಆರಂಭವಾಗಲಿ.

ಸಾಕೆಟ್ ಪರೀಕ್ಷಿಸಲು ನೀವು ಮೊಬೈಲ್ ಚಾರ್ಜರ್ ಚುಚ್ಚಿ ನೋಡುತ್ತೀರಿ. ಅದು ಮೋಸ ಮಾಡುತ್ತದೆ. ಚಾರ್ಜರ್ ಸಾಮಾನ್ಯವಾಗಿ 100 ವೋಲ್ಟಿನಲ್ಲೂ ಕೆಲಸ ಮಾಡುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುವ ಭಾಗ, ಹಲವು ಮಾದರಿಗಳಲ್ಲಿ 180 ವೋಲ್ಟಾದರೂ ಬೇಡುತ್ತದೆ. ನಮ್ಮ ಕಡೆ ಬೋರ್‌ವೆಲ್ಲೇ ಗತಿ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ 230 ಇರಬೇಕಾದ ವೋಲ್ಟೇಜ್ ಕುಸಿಯುವುದುಂಟು. ಮೇಲಿನ ಫ್ಯಾನ್ ತೆವಳುತ್ತಿದ್ದರೆ ಕಂಪ್ಯೂಟರನ್ನು ಬೈಯಬೇಡಿ.

ನಂತರ ಎಕ್ಸ್‌ಟೆನ್ಶನ್ ಬಾಕ್ಸ್, ಹಿಂಬದಿಯ ಸಡಿಲ ವೈರ್, ಎಸ್‌ಎಂಪಿಎಸ್ ಮೇಲಿನ ಪುಟ್ಟ ಸ್ವಿಚ್ ನೋಡಿ. (ಕಸ ಗುಡಿಸುವಾಗ ಕೈ ತಾಗಿ ಈ ಸ್ವಿಚ್ ಆಫ್ ಆಗಿದ್ದನ್ನು ಎಷ್ಟು ಸಲ ನೋಡಿದ್ದೇನೋ!) ಇನ್ನೂ ಏಳದಿದ್ದರೆ ವೈರ್ ಕಿತ್ತು, ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚುಚ್ಚಿ. ಕರೆಂಟಿನ ಏರುಪೇರಿಗೆ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ನಿಂತುಬಿಟ್ಟಿದ್ದರೆ ಹೀಗೆ ಮಾಡಿದಾಗ ಏಳುತ್ತದೆ.

ಡಬ್ಬ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಇದನ್ನು ಮಾತ್ರ ನಗೆಯಾಡಿ ಬಿಡಬೇಡಿ. ಅರ್ಥಿಂಗ್ ಇಲ್ಲದಾಗ ಎಸ್‌ಎಂಪಿಎಸ್‌ನ ಫಿಲ್ಟರ್ ಮೂಲಕ ಸುಮಾರು ಅರ್ಧ ವೋಲ್ಟೇಜ್ ತಗಡಿಗೆ ಬರುತ್ತದೆ. ಆ ಕರೆಂಟು ಅತ್ಯಲ್ಪ, ನಿಜ. ಆದರೆ ಒಳಗಿನ ವೈರ್ ತಗಡಿಗೇ ತಾಗಿದ ದಿನ ಅದು ಹರಿಯುವ ದಾರಿ ನಿಮ್ಮ ದೇಹ. ನಮ್ಮ ಒಣನೆಲದಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಒಣಗುತ್ತದೆ. ಉಪ್ಪು, ಇದ್ದಿಲು ತುಂಬಿದ್ದರೂ ತೇವವಿಲ್ಲದೆ ಫಲವಿಲ್ಲ. ನೀರಿಗೆ ಬರವಿರುವ ಊರಿನಲ್ಲಿ ಗುಂಡಿಗೆಲ್ಲಿಂದ ತರೋಣ ಎನ್ನುತ್ತೀರಿ. ಕೈಕಾಲು ತೊಳೆದ ನೀರು ಅತ್ತ ಹರಿಯಲಿ, ಸಾಕು. ಒಮ್ಮೆ ವೈರ್‌ಮನ್ ಕರೆಸಿ ಪರೀಕ್ಷಿಸಿ.

ಇಷ್ಟಾದ ಮೇಲೆ ವೈರ್ ಕಿತ್ತು ಪಕ್ಕದ ತಗಡು ಬಿಚ್ಚಿ. ಪವರ್ ಬಟನ್‌ನಿಂದ ಮದರ್‌ಬೋರ್ಡಿಗೆ ಬಂದಿರುವ ಎರಡೆಳೆಯ ಪ್ಲಗ್ ತೆಗೆದು, ಅದೇ ಪಿನ್ನುಗಳಿಗೆ ರೀಸೆಟ್ ಬಟನ್‌ನ ಪ್ಲಗ್ ಹಾಕಿ. ಕರೆಂಟು ಕೊಟ್ಟು ರೀಸೆಟ್ ಒತ್ತಿದಾಗ ಚಾಲೂ ಆದರೆ ಸತ್ತದ್ದು ಬಟನ್ ಮಾತ್ರ. ಹಾಗೆಯೇ ಬಳಸಿ, ಪೈಸೆ ಖರ್ಚಿಲ್ಲ.

ಆಗದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ, ಮದರ್‌ಬೋರ್ಡು ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದಾಗ ಎಸ್‌ಎಂಪಿಎಸ್ ಏಳುತ್ತದೆ. ಕರೆಂಟು ತೆಗೆದು, ಬೋರ್ಡಿನ ದೊಡ್ಡ ಪ್ಲಗ್ ಬಿಡಿಸಿ, ಆ ಎರಡನ್ನು ಪೇಪರ್ ಕ್ಲಿಪ್‌ನಿಂದ ಸೇರಿಸಿ, ಆಮೇಲೆ ಕರೆಂಟು ಕೊಡಿ. ಫ್ಯಾನ್ ತಿರುಗದಿದ್ದರೆ ಹೆಚ್ಚುಪಾಲು ಎಸ್‌ಎಂಪಿಎಸ್ ಹೋಗಿದೆ; ಬದಲಿಸಿ. ಮೊದಲ ಸಲ ತಿಳಿದವರ ಎದುರೇ ಮಾಡಿ. ತಂತಿಗಳ ಬಣ್ಣ ಬೇರೆಯಿದ್ದರೆ ಮಾಡಲೇಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಎಂದಿಗೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಹಳೆಯ ಕಂಪ್ಯೂಟರೊಂದನ್ನು ತಂದಿದ್ದೇನೆ. ಇಲ್ಲೇ ಬಿಚ್ಚಿ ನೋಡೋಣ. ಹೆಣ್ಣುಮಕ್ಕಳು ಹಿಂದೆ ನಿಲ್ಲದೆ ಮೇಜಿನ ಹತ್ತಿರ ಬನ್ನಿ.