ಇನ್ನೂರು ಕಿಲೋಮೀಟರಿನ ಲೆಕ್ಕ

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದೂರದ ಸೈಕಲ್ ಸವಾರಿಯ ಕುರಿತು ಮಾತನಾಡಬೇಕೆಂದು ಸಂಚಾಲಕರು ಕೇಳಿಕೊಂಡಾಗ, ಕೃಷಿ ವಿಜ್ಞಾನ ಓದಿದವನಿಗೆ ಇದೆಲ್ಲಿಯ ವಿಷಯ ಎಂದು ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಮಣ್ಣಿನ ಸಾರ, ನೀರಿನ ಲಭ್ಯತೆ, ಬೆಳೆಯ ಅವಧಿ ಇವುಗಳ ಲೆಕ್ಕ ಹಾಕುವುದು ನನ್ನ ಉದ್ಯೋಗ. ಸೈಕಲ್ಲಿನ ಮೇಲೆ 200, 300, 600 ಕಿಲೋಮೀಟರು ಕ್ರಮಿಸುವುದೂ ಬಹುಮಟ್ಟಿಗೆ ಅದೇ ಜಾತಿಯ ಲೆಕ್ಕ. ಕಾಲಿನ ಬಲದ ಮಾತು ಆಮೇಲೆ ಬರುತ್ತದೆ.

ಈ ಸವಾರಿಗೆ ಬ್ರೆವೆ ಎಂದು ಹೆಸರು. ಫ್ರೆಂಚ್ ಭಾಷೆಯ ಈ ಪದಕ್ಕೆ ಪ್ರಮಾಣಪತ್ರ ಎಂಬ ಅರ್ಥವಿದೆ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ಆಡಾಕ್ಸ್ ಕ್ಲಬ್ ಇದರ ಮೂಲ ಸಂಸ್ಥೆ. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ರಾಂಡನ್ಯೂರ್ಸ್ ಎಂಬ ಬಳಗ ಇದನ್ನು ನಡೆಸುತ್ತದೆ. ಬೆಂಗಳೂರಿನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಬ್ರೆವೆಗಳು ನಡೆಯುತ್ತಿವೆ. ಇದು ಪಂದ್ಯವಲ್ಲ. ಮೊದಲು ಬಂದವನಿಗೂ ಕೊನೆಯ ನಿಮಿಷದಲ್ಲಿ ಬಂದವನಿಗೂ ಸಿಗುವ ಮನ್ನಣೆ ಒಂದೇ. ಆದರೆ ಕಾಲಮಿತಿ ಮಾತ್ರ ಕಟ್ಟುನಿಟ್ಟು: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರನ್ನು ಸೂಪರ್ ರಾಂಡನ್ಯೂರ್ ಎನ್ನುತ್ತಾರೆ. ದಾರಿಯ ನಡುವೆ ನಿಗದಿತ ಠಾಣ್ಯಗಳಲ್ಲಿ ಚೀಟಿಗೆ ಮುದ್ರೆ ಹಾಕಿಸಬೇಕು. ಅಲ್ಲಿ ಮುದ್ರೆ ಹಾಕುವವರಿಲ್ಲದಿದ್ದರೆ ಎಟಿಎಂ ಯಂತ್ರದ ರಸೀದಿಯೇ ಸಾಕ್ಷಿಯಾಗುವುದುಂಟು. ಹಿಂದೆ ಕಾರು ಬರಕೂಡದು. ಪಂಕ್ಚರ್ ಆದರೆ ನೀವೇ ತಿದ್ದಿಕೊಳ್ಳಬೇಕು, ಹಸಿದರೆ ನೀವೇ ಹುಡುಕಿಕೊಂಡು ಉಣ್ಣಬೇಕು.

ಇದಕ್ಕಿಂತ ಬೇರೆ ಬಗೆಯ ಸಾಹಸಗಳೂ ಇವೆ. ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ಸುಮಾರು 4,800 ಕಿ.ಮೀ. ದೂರದ ಪಂದ್ಯಕ್ಕೆ ಬೆಂಗಳೂರಿನ ಸಮೀಮ್ ರಿಜ್ವಿ 2010ರಲ್ಲಿ ಒಂಟಿಯಾಗಿ ಇಳಿದರು. ಅದನ್ನು ಒಂಟಿಯಾಗಿ ಪೂರ್ಣಗೊಳಿಸಿದ ಮೊದಲ ಭಾರತೀಯರೆಂಬ ಹೆಸರು 2017ರಲ್ಲಿ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅವರದಾಯಿತು; ಹನ್ನೆರಡು ದಿನದೊಳಗೆ ಮುಗಿಸಿದರು. ಅಲ್ಲಿ ಸವಾರನ ಹಿಂದೆ ಆರೈಕೆಯ ವಾಹನವೂ ತಂಡವೂ ಇರುತ್ತವೆ. ಅದಕ್ಕೆ ಬೇಕಾಗುವ ಹಣ ನಮ್ಮ ನಿಮ್ಮ ಕೈಗೆ ಎಟುಕುವಂಥದಲ್ಲ. ಆದ್ದರಿಂದ ನಾನು ಬ್ರೆವೆಯನ್ನೇ ಹಿಡಿದು ಮಾತನಾಡುತ್ತೇನೆ.

ಉದಾಹರಣೆಗೆ ಒಂದು ದಾರಿಯನ್ನು ತೆಗೆದುಕೊಳ್ಳೋಣ. ಬೈಯಪ್ಪನಹಳ್ಳಿಯನ್ನು ನೀವು ರೈಲಿನ ಹೆಸರಾಗಿ ಬಲ್ಲಿರಿ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಅಲ್ಲಿಂದ ಮಹಾತ್ಮ ಗಾಂಧಿ ರಸ್ತೆಗೆ ಓಡಿತು. 2022ರಲ್ಲಿ ವಿಶ್ವೇಶ್ವರಯ್ಯ ಟರ್ಮಿನಲ್ ಅಲ್ಲಿ ಆರಂಭವಾಯಿತು. ಸೈಕಲ್ ಸವಾರರಿಗೆ ಅದು ಹಳೆ ಮದರಾಸು ರಸ್ತೆಯ ಬಾಗಿಲು. ನಗರದಲ್ಲಿ ಕೆಲಸವಿದ್ದಾಗ ನಾನು ಅಭ್ಯಾಸಕ್ಕೆ ಹಿಡಿಯುವ ದಾರಿಯೂ ಅದೇ. ಕೃಷ್ಣರಾಜಪುರ, ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು ದಾಟಿ, ಆಂಧ್ರದ ಗಡಿಗೆ ಹತ್ತಿರದ ನಂಗಲಿಯ ಆಸುಪಾಸಿನಲ್ಲಿ ತಿರುಗಿ ಬಂದರೆ ಹೆಚ್ಚುಕಡಿಮೆ 200 ಕಿ.ಮೀ. ಆಗುತ್ತದೆ. ಬೆಳಗಿನ ಆರಕ್ಕೆ ಹೊರಟರೆ ಸಂಜೆ ಏಳೂವರೆಗೆ ಮರಳಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿದರೆ ಹತ್ತು ಗಂಟೆ ಸವಾರಿಗೆ ಹೋಗುತ್ತದೆ, ಮೂರೂವರೆ ಗಂಟೆ ಉಳಿಯುತ್ತದೆ. ಆ ಮೂರೂವರೆ ಗಂಟೆಯೇ ನಿಮ್ಮ ಬಂಡವಾಳ. ಮುಳಬಾಗಿಲಿನ ದೋಸೆಗೆ ಅರ್ಧ ಗಂಟೆ ಕೊಡಿ, ಅದು ಯೋಗ್ಯ ವೆಚ್ಚ; ಆದರೆ ಪ್ರತಿ ಚಹದಂಗಡಿಯಲ್ಲೂ ಇಪ್ಪತ್ತು ನಿಮಿಷ ಹರಟಿದರೆ ಸಂಜೆಗೆ ದಿವಾಳಿ. ಕಾಲಮಿತಿ ಮೀರಿದವರಲ್ಲಿ ನಿಧಾನವಾಗಿ ತುಳಿದವರಿಗಿಂತ ನಿಂತಲ್ಲೇ ನಿಂತವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಇನ್ನು ಹೊಟ್ಟೆಯ ವಿಚಾರ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 2,000 ಕ್ಯಾಲೊರಿಯ ದಾಸ್ತಾನಿರುತ್ತದೆ. ಸಾಧಾರಣ ಸವಾರಿಗೆ ಗಂಟೆಗೆ 400ರಿಂದ 500 ಕ್ಯಾಲೊರಿ ಬೇಕು. ಒಂದು ಪಾಲು ಕೊಬ್ಬಿನಿಂದ ಬರುತ್ತದಾದರೂ, ಏನನ್ನೂ ತಿನ್ನದೆ ಹೊರಟವನ ಕಣಜ ಮಧ್ಯಾಹ್ನದ ಹೊತ್ತಿಗೆ ಬರಿದಾಗುತ್ತದೆ. ಕಾಲು ಸೀಸವಾಗುತ್ತದೆ, ಕಣ್ಣು ಮಂಜಾಗುತ್ತದೆ, ಕಾರಣವಿಲ್ಲದೆ ಅಳುವೂ ಬರಬಹುದು. ಹಸಿವಾದ ಮೇಲೆ ಉಂಡರೆ ತಡವಾಯಿತು. ಗದ್ದೆ ಬಿರುಕು ಬಿಟ್ಟ ಮೇಲೆ ನೀರು ಹಾಯಿಸಿದಂತೆ ಅದು. ಜಠರವು ಗಂಟೆಗೆ ಸುಮಾರು 60 ಗ್ರಾಂ ಪಿಷ್ಟ-ಸಕ್ಕರೆಯನ್ನು ಸಲೀಸಾಗಿ ಒಪ್ಪಿಸಿಕೊಳ್ಳುತ್ತದೆ. ಎರಡು ಬಾಳೆಹಣ್ಣು, ಜೊತೆಗೊಂದು ಚಿಕ್ಕ ಬೆಲ್ಲದ ಚೂರು: ಲೆಕ್ಕ ಸರಿಹೋಯಿತು. ಬೆಲ್ಲದಲ್ಲಿರುವ ಸುಕ್ರೋಸು ಗ್ಲೂಕೋಸು ಮತ್ತು ಫ್ರುಕ್ಟೋಸಾಗಿ ಒಡೆಯುತ್ತದೆ. ಇವೆರಡೂ ಕರುಳಿನಲ್ಲಿ ಬೇರೆ ಬೇರೆ ದಾರಿಯಿಂದ ಒಳಹೋಗುವುದರಿಂದ ಹೆಚ್ಚು ಸಕ್ಕರೆ ರಕ್ತ ಸೇರಲು ಅನುಕೂಲ. ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಜೆಲ್ ಪೊಟ್ಟಣಗಳಲ್ಲಿ ಇರುವುದೂ ಬಹುತೇಕ ಇಂಥದೇ ಮಿಶ್ರಣ. ರಾಗಿಮುದ್ದೆ ಒಳ್ಳೆಯ ಆಹಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ನಾರಿನ ಅಂಶ ಜೀರ್ಣವನ್ನು ನಿಧಾನಿಸುತ್ತದೆ. ಹಿಂದಿನ ರಾತ್ರಿ ಉಣ್ಣಿ, ಸವಾರಿಯ ನಡುವೆ ಬೇಡ.

ನೀರನ್ನೂ ಹೀಗೆಯೇ ಅಳೆಯಬೇಕು. ಕೋಲಾರದ ಬಯಲಿನ ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳುತ್ತವೆ, ಅತಿಯಾದರೆ ಪ್ರಾಣಾಪಾಯ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಪುಡಿ, ಇವು ಸಾಕು. ಮಲೆನಾಡಿನವರು ಬಯಲುಸೀಮೆಗೆ ಇಳಿದಾಗ ಈ ಎಚ್ಚರ ಇಮ್ಮಡಿಯಾಗಿರಬೇಕು.

ನಾನು ಅತ್ಯಂತ ಗಂಭೀರವಾಗಿ ಹೇಳಬೇಕಾದದ್ದು ನಿದ್ದೆಯ ಬಗ್ಗೆ. 600 ಕಿ.ಮೀ. ಸವಾರಿಯಲ್ಲಿ 30 ಗಂಟೆ ತುಳಿದರೆ ಉಳಿಯುವುದು ಹತ್ತು ಗಂಟೆ. ಊಟ, ಪಂಕ್ಚರು, ಮುದ್ರೆ ಎಲ್ಲ ಕಳೆದು ನಿದ್ದೆಗೆ ಮೂರು ಗಂಟೆ ಸಿಕ್ಕರೆ ಭಾಗ್ಯ. ನಡುರಾತ್ರಿ ಎರಡರಿಂದ ಐದರವರೆಗೆ ದೇಹದ ಒಳಗಡಿಯಾರ ಕಣ್ಣು ಮುಚ್ಚೆನ್ನುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ಚಾಲಕರೂ ಅದೇ ಹೊತ್ತಿನಲ್ಲಿ ತೂಕಡಿಸುತ್ತಿರುತ್ತಾರೆಂಬುದನ್ನು ಮರೆಯಬೇಡಿ. ಒಮ್ಮೆ ಮುಳಬಾಗಿಲಿನಿಂದ ಈಚೆಗೆ ನನ್ನ ಮುಂದಿದ್ದ ಯುವಕನೊಬ್ಬನ ಸೈಕಲ್ಲು ಬಿಳಿಗೆರೆ ದಾಟಿ ಮೆಲ್ಲನೆ ರಸ್ತೆಯ ನಡುವಿಗೆ ಹೋಗತೊಡಗಿತು. ಕೂಗಿದೆ; ಎಚ್ಚತ್ತ. ತಾನು ನಿದ್ರಿಸಿದ್ದೇ ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಇಪ್ಪತ್ತೈದು ನಿಮಿಷ ಮಲಗಿದೆವು. ಕಾಲಮಿತಿಗೆ ಆ ಇಪ್ಪತ್ತೈದು ನಿಮಿಷ ಭಾರವಾಗಲಿಲ್ಲ, ಆಗಿದ್ದರೂ ಅಡ್ಡಿಯಿರಲಿಲ್ಲ. ಸವಾರಿಯನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತುವುದು ಈ ಬಳಗದಲ್ಲಿ ಅವಮಾನವಲ್ಲ. ಹಾಗೆ ಬಿಟ್ಟವನನ್ನು ಹೀಯಾಳಿಸುವವರಿದ್ದರೆ ಅವರ ಜೊತೆ ಹೋಗಬೇಡಿ. ಹದಿನೆಂಟು ತುಂಬದವರು ರಾತ್ರಿ ಸವಾರಿಯ ಯೋಚನೆಯನ್ನೇ ಮಾಡಬಾರದು.

ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್ ಸಮೀಪದಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಬರುವ 1,200 ಕಿ.ಮೀ. ಸವಾರಿಯಿದೆ, 1891ರಲ್ಲಿ ಪಂದ್ಯವಾಗಿ ಆರಂಭವಾಯಿತು, ಈಗ ಗರಿಷ್ಠ ಅವಧಿ 90 ಗಂಟೆ. 2019ರಲ್ಲಿ ನಮ್ಮ ದೇಶದಿಂದ ನೂರಾರು ಮಂದಿ ಹೋಗಿದ್ದರು. ಹೋಗುವಾಗ ಎದುರುಗಾಳಿ, ರಾತ್ರಿ ಕೊರೆಯುವ ಚಳಿ, ಮುಗಿಯದ ಏರಿಳಿತ. ಬಹಳ ಮಂದಿ ನಡುವೆಯೇ ನಿಲ್ಲಬೇಕಾಯಿತು. ಬಯಲಿನ ನೇರ ರಸ್ತೆಯಲ್ಲಿ ಮಾತ್ರ ಅಭ್ಯಾಸ ಮಾಡಿದವರಿಗೆ ಅದು ಕಷ್ಟವೇ. ಏರು, ತೇವ, ಚಳಿ ಇವು ನಿಮ್ಮ ಶಾಲೆಯ ದಾರಿಯಲ್ಲೇ ಇವೆ.

"ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಆದೀತೆ ಸಾರ್?" ಎಂದು ಒಬ್ಬ ಹುಡುಗ ಬೆಳಿಗ್ಗೆ ಕೇಳಿದ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಡೆಯಿತು, ಕೋವಿಡ್ ಕಾಲದಲ್ಲಿ ನಿಂತಿತು. ಆ ಸೈಕಲ್ಲುಗಳು ಇನ್ನೂ ಅನೇಕ ಮನೆಗಳ ಕೊಟ್ಟಿಗೆಯಲ್ಲಿವೆ. ಅದು ಭಾರ, ಗೇರಿಲ್ಲ. ಆದರೂ 200 ಕಿ.ಮೀ. ಆಗದ ಮಾತಲ್ಲ. ಏರಿನಲ್ಲಿ ಇಳಿದು ತಳ್ಳಲು ನಿಯಮದ ಅಡ್ಡಿಯಿಲ್ಲ. ಎಂಟು ಕಿ.ಮೀ. ಏರನ್ನು ತಳ್ಳಿ ಹತ್ತಲು ಒಂದೂವರೆ ಗಂಟೆ ಹೋಯಿತೆನ್ನಿ. ಉಳಿದ 192 ಕಿ.ಮೀ.ಗೆ ಹನ್ನೆರಡು ಗಂಟೆ ಇದೆ, ಗಂಟೆಗೆ ಹದಿನಾರು. ವಿಶ್ರಾಂತಿಯನ್ನೂ ಸೇರಿಸಿ ನೋಡಿದರೆ ಬಿಗಿಯಾದ ಲೆಕ್ಕ, ಆದರೆ ಗಟ್ಟಿ ಕಾಲಿನವರಿಗೆ ಸಾಧ್ಯ. ಲಕ್ಷ ರೂಪಾಯಿಯ ಸೈಕಲ್ಲಿಲ್ಲದೆ ಆಗದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಒಪ್ಪಲೇಬೇಕಾದ ಅಪಾಯವೊಂದಿದೆ. ಆ ಸೈಕಲ್ಲುಗಳ ರಿಮ್ಮು ಉಕ್ಕಿನದು. ನುಣುಪಾದ ಉಕ್ಕು ಮಳೆಯಲ್ಲಿ ನೆನೆದಾಗ ಬ್ರೇಕಿನ ರಬ್ಬರು ಹಿಡಿಯುವುದೇ ಇಲ್ಲವೆನ್ನಬಹುದು. ನಿಲ್ಲುವ ದೂರ ಒಣ ದಿನದ ಹಲವು ಪಟ್ಟಾಗುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳಲ್ಲಿ ಇದರ ಅರ್ಥವೇನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಮಳೆಯಲ್ಲಿ ಅಂಥ ಘಟ್ಟವನ್ನು ಈ ಸೈಕಲ್ಲಿನಲ್ಲಿ ತುಳಿದು ಇಳಿಯಬಾರದು, ನಡೆದೇ ಇಳಿಯಬೇಕು. ಸಣ್ಣ ಇಳಿಜಾರಿನಲ್ಲಿಯೂ ತಿರುವು ಬರುವ ಬಹು ಮುಂಚೆಯೇ ಬ್ರೇಕನ್ನು ಹಗುರವಾಗಿ ಒತ್ತುತ್ತ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು. ಸವೆದು ಗಟ್ಟಿಯಾದ ಬ್ರೇಕ್ ಶೂಗಳನ್ನು ಮಳೆಗಾಲಕ್ಕೆ ಮೊದಲೇ ಬದಲಾಯಿಸಿ. ಅನುಕೂಲವಿದ್ದವರು ಅಲ್ಯುಮಿನಿಯಂ ರಿಮ್ಮು ಹಾಕಿಸಿಕೊಳ್ಳಿ.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೊಂದು ದೀರ್ಘ ಸವಾರಿ, 40ರಿಂದ ಮೊದಲುಗೊಂಡು ಮೂರು ತಿಂಗಳಲ್ಲಿ 150 ಕಿ.ಮೀ.ಗೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಹ್ಯಾಂಡಲಿನ ಮೇಲೆ ಭಾರ ಹೆಚ್ಚಾಗಿದೆಯೆಂದು ತಿಳಿದು ಸೀಟನ್ನು ಸರಿಪಡಿಸಿಕೊಳ್ಳಿ. ಶಿರಸ್ತ್ರಾಣ, ಮುಂದೆ ಹಿಂದೆ ದೀಪ, ಹೊಳೆಯುವ ಮೇಲಂಗಿ, ಎರಡು ಟ್ಯೂಬು, ಪ್ಯಾಚು, ಪಂಪು ಇವಿಲ್ಲದೆ ಹೊರಡಬೇಡಿ.

ಪ್ರಶ್ನೆಗಳಿದ್ದರೆ ಊಟದ ನಂತರ ಕೇಳಿ. ಸೈಕಲ್ಲು ತಂದವರು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರಿ. ಒಂದು ಕೊಡ ನೀರು ತರಿಸಿದ್ದೇನೆ. ರಿಮ್ಮನ್ನು ನೆನೆಸಿ ಒಬ್ಬೊಬ್ಬರ ಬ್ರೇಕನ್ನೂ ನೋಡೋಣ.